ನೋಡದ ಬೆಳಕಿಗೆ ಬಿದ್ದ ಟಿಕ್ಕು

ಹೊರಟ ದಿನ, ದೊಡ್ಡಬಳ್ಳಾಪುರ

ಆ ದಿನ ಮಾಡಿದ ಕೆಲಸಗಳು ಇವು. ನಾಲ್ಕೂವರೆಗೆ ಎದ್ದು ನಲ್ಲಿ ನೀರು ಹಿಡಿದೆ, ಸಂಪು ಅರ್ಧ ತುಂಬಿತು. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಹುಳಿಪುಡಿ, ಚಟ್ನಿಪುಡಿ ಬೇರೆ ಬೇರೆ ಡಬ್ಬಿಗೆ ತುಂಬಿ ಮೇಲೆ ಹೆಸರು ಬರೆದು ಅಂಟಿಸಿದೆ, ಯಾಕೆಂದರೆ ನಮ್ಮ ಯಜಮಾನರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮಗ್ಗದ ಮನೆ ಗುಡಿಸಿದೆ. ಎರಡನೇ ಮಗ್ಗದ ಹಾಸು, ಅಂದರೆ ಉದ್ದದ ಎಳೆ, ಮುಗಿಯುತ್ತಾ ಬಂದಿದೆ, ಹೊಸದನ್ನು ತಂದಿಟ್ಟುಕೊಳ್ಳಿ ಎಂದು ಎರಡು ಸಲ ಹೇಳಿದೆ. ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ‘ಕರೆಂಟು 6.10ಕ್ಕೆ ಹೋಯಿತು, 7.25ಕ್ಕೆ ಬಂತು’ ಎಂದು ಬರೆದು, ಆ ತಿಂಗಳ ಹಾಳೆಯನ್ನು ಹರಿದು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡೆ.

ಇಪ್ಪತ್ತೆರಡು ವರ್ಷದಿಂದ ಈ ಚೌಕಗಳಲ್ಲಿ ಬರೆಯುತ್ತಾ ಬಂದಿದ್ದೇನೆ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ. ಯಾವಾಗ ಹೋಗುತ್ತದೆಂದು ಪೇಪರಿನಲ್ಲಿ ಬರುವುದೇ ಒಂದು, ಆಗುವುದೇ ಒಂದು. ಅದಕ್ಕೇ ಆದದ್ದನ್ನು ಬರೆದಿಡುವ ಅಭ್ಯಾಸ ಬಿತ್ತು.

ನನ್ನ ಜೊತೆ ಹೊರಟವರು ನನ್ನ ಓರಗಿತ್ತಿ ಗೌರಕ್ಕ. ಯಜಮಾನರ ಅಣ್ಣನ ಹೆಂಡತಿ. ಮೂವತ್ತು ವರ್ಷಕ್ಕೂ ಮೇಲಾಯಿತು, ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕೆಲಸ. ಬಿಸಿ ಹಂಡೆಯಲ್ಲಿ ನೂಲು ತಿರುವುತ್ತಾ, ಒಂದು ಎಳೆ ಎತ್ತಿ ಬಿಸಿಲಿಗೆ ಹಿಡಿದು “ಇನ್ನೊಂದು ಚಿಟಿಕೆ” ಎನ್ನುತ್ತಾರೆ. ಆ ಚಿಟಿಕೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಬೆಂಗಳೂರಿನ ಸೀರೆ ಅಂಗಡಿಯವನೊಬ್ಬ ಫೋನಿನಲ್ಲಿ ಒಂದು ಫೋಟೋ ಕಳಿಸಿದ. ಉತ್ತರ ಧ್ರುವದ ಕಡೆ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತೆ, ಅದೇ ಹಸಿರು ಬೇಕು, ಒಂದು ಮದುವೆಗೆ ಹನ್ನೆರಡು ಸೀರೆ. ಗೌರಕ್ಕ ತಮ್ಮ ಫೋನಿನಲ್ಲಿ ಕಂಡ ಹಸಿರನ್ನು ನೂಲಿಗೆ ತಂದರು. ಅವನು ತನ್ನ ಫೋನಿನ ಪಕ್ಕ ಇಟ್ಟು ನೋಡಿ ಅಷ್ಟನ್ನೂ ವಾಪಸ್ ಕಳಿಸಿದ. ಕಳಿಸಿದ್ದಿರಲಿ, ಹೇಳಿಯೂ ಕಳಿಸಿದ: “ಅಮ್ಮ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ.”

ಗೌರಕ್ಕ ಕಣ್ಣು ತೋರಿಸಿಕೊಂಡರು. ಡಾಕ್ಟರು ಏನೂ ಇಲ್ಲ ಎಂದರು. ಆದರೂ ಅವತ್ತಿಂದ ಹಂಡೆ ಮುಂದೆ ನಿಂತಾಗ ಕೈ ತಡೆಯತೊಡಗಿತು. “ಸರೋಜ, ಇದು ಸರಿ ಇದೆಯೇನೇ?” ಎಂದು ನನ್ನನ್ನು ಕೇಳುತ್ತಾರೆ! ನನಗೇನು ಗೊತ್ತು ಬಣ್ಣ? ಆ ಮಾತು ಕೇಳಿದಾಗಲೆಲ್ಲ ಆ ಅಂಗಡಿಯವನ ಮೇಲೆ ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಅವರೇ ಅಂದರು, “ಫೋನಿನ ಹಸಿರು ಯಾವ ಹಸಿರೇ? ಒಂದೊಂದ್ರಲ್ಲಿ ಒಂದೊಂಥರ. ಅಸಲು ಹೆಂಗಿದೆ ಅಂತ ನನ್ನ ಕಣ್ಣಲ್ಲಿ ನೋಡ್ಬೇಕು. ನೋಡಿದ ಮೇಲೆ ತಪ್ಪು ನಂದಾದ್ರೆ ಹಂಡೆ ಬೋರಲು ಹಾಕ್ತೀನಿ.”

ಅವರ ಚೀಲದಲ್ಲಿ ಆ ಹಸಿರು ನೂಲಿನ ಒಂದು ಕಟ್ಟು ಇತ್ತು.

ಇಲ್ಲೇ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಬೆಳಕು ತೋರಿಸಲು ಕರೆದೊಯ್ಯುವ ಪ್ರವಾಸದವರು ಎರಡು ತಂಡ ಕೊಟ್ಟಿದ್ದರು. ಒಂದು ಅಮಾವಾಸ್ಯೆಗೆ ಹೊರಡುವುದು, ಇನ್ನೊಂದು ಮಾಘದ ಹುಣ್ಣಿಮೆಗೆ. ಅಮಾವಾಸ್ಯೆ ದಿನ ನಮ್ಮಲ್ಲಿ ಮಗ್ಗವನ್ನೇ ಓಡಿಸುವುದಿಲ್ಲ, ಹೊಸ ಹಾಸು ಹೂಡುವುದಿಲ್ಲ, ಇನ್ನು ಸಮುದ್ರ ದಾಟಿ ಹೊರಡುವುದುಂಟೇ? ಹುಣ್ಣಿಮೆಯೇ ಆಗಲಿ ಎಂದು ಆರಿಸಿದವಳು ನಾನು.

ಮೊದಲ ದಿನ, ಟ್ರಾಮ್ಸೋದಿಂದ ಆಚೆ

ನಾರ್ವೆ ದೇಶದ ಉತ್ತರದ ತುದಿಯಲ್ಲಿ ಟ್ರಾಮ್ಸೋ ಊರು. ಅಲ್ಲಿಂದ ಒಂದು ಗಂಟೆ ದಾರಿ, ಸಮುದ್ರದ ಒಂದು ಕೈ ಬೆಟ್ಟಗಳ ನಡುವೆ ನುಗ್ಗಿರುವ ಕಡೆ ನಮ್ಮ ವಸತಿಮನೆ. ಬಸ್ಸಿಳಿದ ಕೂಡಲೇ ನಾನು ಜಾರಿ ಬಿದ್ದೆ. ಮೇಲಕ್ಕೆಬ್ಬಿಸಲು ಬಂದ ಗೌರಕ್ಕನೂ ಬಿದ್ದರು. ಮನೆಯೊಡತಿ ಓಡಿಬಂದು ಇಬ್ಬರ ಬೂಟಿನ ತಳಕ್ಕೂ ಮುಳ್ಳಿನ ಪಟ್ಟಿ ಕಟ್ಟಿದರು. ಆಮೇಲೆ ಬಾಗಿಲಲ್ಲಿ ಆ ಬೂಟನ್ನು ಬಿಚ್ಚಿಸಿದರು. ಇಲ್ಲಿಯವರೂ ಹೊರಗಿನ ಚಪ್ಪಲಿಯಲ್ಲಿ ಒಳಗೆ ಕಾಲಿಡುವುದಿಲ್ಲ. ಅಷ್ಟಕ್ಕೇ ನನಗೆ ಆ ಹೆಂಗಸಿನ ಮೇಲೆ ವಿಶ್ವಾಸ ಹುಟ್ಟಿತು. ಹೆಸರು ಇಂಗರ್, ವಯಸ್ಸು ನಮ್ಮಷ್ಟೇ.

ನಮ್ಮ ತಂಡದ ಮ್ಯಾನೇಜರ್ ಪ್ರಶಾಂತ್, ಬೆಂಗಳೂರಿನವನು, ನಲವತ್ತರ ಆಸುಪಾಸು. ಬಾಯಿ ತೆರೆದರೆ ‘ಗ್ಯಾರಂಟಿ’. ಅವನ ಕೈಯಲ್ಲಿ ಒಂದು ಫೋನು, ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಒಂದು ನಂಬರು. ನಂಬರು ದೊಡ್ಡದಾದರೆ ಬೆಳಕು ಜೋರು, ಸಣ್ಣದಾದರೆ ಇಲ್ಲ. ಇಪ್ಪತ್ತಾರು ಜನರೂ ಊಟ ತಿಂಡಿ ಬಿಟ್ಟು “ಎಷ್ಟಾಯ್ತು, ಎಷ್ಟಾಯ್ತು” ಎಂದು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದರು.

“ಇವತ್ತು ನಾಲ್ಕು! ಗ್ಯಾರಂಟಿ!” ಎಂದು ಊಟವಾದ ಮೇಲೆ ಬಸ್ಸು ಹತ್ತಿಸಿದ. ಒಂದು ಬಯಲಿನಲ್ಲಿ ಇಳಿಸಿದ. ಹುಣ್ಣಿಮೆ ಕಳೆದು ಒಂದೇ ದಿನ. ಚಂದ್ರನ ಬೆಳಕು ಹಿಮದ ಮೇಲೆ ಬಿದ್ದು, ಸುಣ್ಣ ಬಳಿದ ಅಂಗಳದ ಹಾಗೆ ಸುತ್ತೆಲ್ಲ ಬೆಳ್ಳಗೆ. ನನ್ನ ಕೈಗೆರೆ ಕಾಣಿಸುತ್ತಿತ್ತು. ಆಕಾಶದಲ್ಲಿ ತೆಳು ಮೋಡದಂಥದ್ದೊಂದು ಮಸುಕು, ಅಷ್ಟೆ. ಪ್ರಶಾಂತ ಕ್ಯಾಮೆರಾವನ್ನು ಮೂರುಕಾಲಿನ ಮೇಲೆ ನಿಲ್ಲಿಸಿ, ಇಬ್ಬಿಬ್ಬರನ್ನೇ ಮುಂದೆ ನಿಲ್ಲಿಸಿ, “ಅಲ್ಲಾಡ್ಬೇಡಿ” ಎಂದು ಎಷ್ಟೋ ಹೊತ್ತು ಹಿಡಿದ. ಆಮೇಲೆ ತೋರಿಸಿದ. ಫೋಟೋದಲ್ಲಿ ಗೌರಕ್ಕನ ತಲೆಯ ಮೇಲೆ ಗಿಣಿಹಸಿರು ಬಣ್ಣ!

ಗೌರಕ್ಕ ಫೋಟೋ ನೋಡಿದರು, ತಲೆಯೆತ್ತಿ ಆಕಾಶ ನೋಡಿದರು, ಮತ್ತೆ ಫೋಟೋ ನೋಡಿದರು. “ಎಲ್ಲಪ್ಪಾ ಇದು?”

“ಇಲ್ಲೇ ಇದೆಯಲ್ಲಮ್ಮ, ಕ್ಯಾಮೆರಾ ಕಣ್ಣಿಗೆ ಜಾಸ್ತಿ ಪವರ್ರು.”

“ನನ್ನ ಕಣ್ಣಿಗೆ ಕಾಣ್ಲಿಲ್ಲ.”

“ನೀವೇ ಅದರ ಕೆಳಗೆ ನಿಂತಿದೀರಲ್ಲಮ್ಮ! ಇನ್ನೇನ್ ಬೇಕು?”

ಅವನ ಹತ್ತಿರ ಒಂದು ಹಾಳೆ ಇತ್ತು. ಹೆಸರಿನ ಪಟ್ಟಿ. ಎಲ್ಲರ ಹೆಸರಿನ ಮುಂದೂ ಟಿಕ್ಕು ಹಾಕಿದ. ಹಾಕಿ ಆದ ಮೇಲೆ ತಿಳಿಯಿತು ಅದರ ಮರ್ಮ. ಒಮ್ಮೆ ಬೆಳಕು ‘ಕಂಡರೆ’ ಉಳಿದ ರಾತ್ರಿ ಬಸ್ಸು ಇಲ್ಲ. ಬದಲಿಗೆ ಅಂಗಡಿ ಬೀದಿ, ಇಂಡಿಯನ್ ಹೋಟೆಲಿನಲ್ಲಿ ಊಟ. ಉಳಿದವರಿಗೆ ಫೋಟೋ ಸಿಕ್ಕಿತ್ತು, ಚಳಿಯೂ ಸಾಕಾಗಿತ್ತು, ಸಂತೋಷವಾಗಿಯೇ ಒಪ್ಪಿದರು. ನನಗೆ ರಕ್ತ ಕುದಿಯಿತು. ಇಷ್ಟು ದೂರ ಬಂದವಳ ಕಣ್ಣಿನ ಮಾತಿಗೆ ಬೆಲೆಯಿಲ್ಲ, ಫೋನು ಹೇಳಿದ್ದೇ ಸರಿ. ಇದನ್ನೇ ಅಲ್ಲವೇ ಊರಿನಲ್ಲಿ ಸೀರೆ ಅಂಗಡಿಯವನೂ ಮಾಡಿದ್ದು?

“ನಮ್ಮಿಬ್ಬರ ಟಿಕ್ಕು ಅಳಿಸಪ್ಪ” ಎಂದೆ.

“ಪೆನ್ನಲ್ಲಿ ಹಾಕಿದೀನಲ್ಲ ಮೇಡಂ” ಎಂದು ನಕ್ಕ.

ಎರಡನೆಯ ದಿನ, ಇಂಗರಳ ಅಡುಗೆಮನೆ

ಗೌರಕ್ಕ ಬೆಳಿಗ್ಗೆ ಎದ್ದವರು ಮುಖ ಊದಿಸಿಕೊಂಡೇ ಇದ್ದರು. ತಂಡದವರು ನಾಯಿಗಳು ಹಿಮದ ಮೇಲೆ ಎಳೆಯುವ ಗಾಡಿ ಹತ್ತಲು ಹೋದರು. ನಾವು ಹೋಗಲಿಲ್ಲ. ಕಾಫಿಗೆಂದು ಅಡುಗೆಮನೆಗೆ ಹೋದರೆ ಅಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ, ಕ್ಯಾಲೆಂಡರು. ಚೌಕ ಚೌಕದೊಳಗೂ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ. ನಾನು ಹಾಗೇ ನಿಂತುಬಿಟ್ಟೆ. ಕೈಚೀಲದಿಂದ ನನ್ನ ಹಾಳೆ ತೆಗೆದು ಬಿಡಿಸಿ ಪಕ್ಕದಲ್ಲಿ ಹಿಡಿದೆ. ಇಂಗರ್ ಕಣ್ಣರಳಿಸಿ ನೋಡಿ ಜೋರಾಗಿ ನಕ್ಕಳು. ಆಮೇಲೆ ನನ್ನ ಮುರುಕು ಇಂಗ್ಲಿಷು, ಅವಳ ನಿಧಾನದ ಇಂಗ್ಲಿಷು, ಎರಡರಲ್ಲಿ ಒಂದು ಬೆಳಗು ಕಳೆಯಿತು.

ಅವಳ ಚೌಕಗಳಲ್ಲಿ ಹಿಮ ಎಷ್ಟು ಬಿತ್ತು, ಗಾಳಿ ಯಾವ ಕಡೆಯಿಂದ, ಮೊಟ್ಟೆ ಎಷ್ಟು ಇವೆಲ್ಲ ಇದ್ದವು. ಕೆಲವು ಚೌಕದಲ್ಲಿ ಒಂದು ನಕ್ಷತ್ರ. ಬೆಳಕು ಚೆನ್ನಾಗಿ ಕುಣಿದ ದಿನ ಅದು. ಸೂರ್ಯ ತನ್ನ ಸುತ್ತ ತಿರುಗುವುದಕ್ಕೆ ಇಲ್ಲಿಂದ ನೋಡಿದರೆ ಸುಮಾರು ಇಪ್ಪತ್ತೇಳು ದಿನ, ಆ ಬೆಳಕನ್ನು ಎಬ್ಬಿಸುವ ಗಾಳಿ ಸೂರ್ಯನ ಯಾವ ಭಾಗದಿಂದ ಹೊರಟಿತೋ ಆ ಭಾಗ ಇಪ್ಪತ್ತೇಳು ದಿನಕ್ಕೆ ಮತ್ತೆ ನಮ್ಮ ಕಡೆ ತಿರುಗುತ್ತದೆ, ಅದಕ್ಕೆ ನಕ್ಷತ್ರ ಹಾಕಿದ ದಿನದಿಂದ ಇಪ್ಪತ್ತೇಳು ಎಣಿಸಿ ಅಲ್ಲೊಂದು ಸೊನ್ನೆ ಹಾಕಿಡುತ್ತಾಳೆ.

ಇಪ್ಪತ್ತೇಳು! ಅಶ್ವಿನಿಯಿಂದ ರೇವತಿಯವರೆಗೆ ಬೆರಳ ಗೆಣ್ಣಿನಲ್ಲಿ ಎಣಿಸಿ ಬೆಳೆದವಳು ನಾನು. ಅವಳ ಹಳೆಯ ಹಾಳೆಗಳನ್ನು ತಿರುವಿ ನಾನೇ ಎಣಿಸಿದೆ. ಕೆಲವು ಸೊನ್ನೆಯೊಳಗೆ ನಕ್ಷತ್ರ ಕೂತಿತ್ತು, ಕೆಲವು ಸೊನ್ನೆ ಖಾಲಿ.

“ಇದು ಸುಳ್ಳಾಯಿತಲ್ಲ?” ಎಂದು ಖಾಲಿ ಸೊನ್ನೆ ತೋರಿಸಿದೆ.

“ಅರ್ಧ ಸಲ ಸುಳ್ಳಾಗುತ್ತೆ” ಎಂದಳು, ಒಂದಿಷ್ಟೂ ನಾಚದೆ. “ಒಂದು ದಿನ ಹಿಂದೆ ಮುಂದೆಯೂ ಆಗುತ್ತೆ.”

ಸುಳ್ಳಾದದ್ದನ್ನೂ ಬರೆದಿಟ್ಟವಳನ್ನು ನಂಬಬಹುದು. ಪ್ರಶಾಂತನ ಫೋನು ನಿನ್ನೆಯ ತಪ್ಪನ್ನು ಎಲ್ಲಾದರೂ ಬರೆದಿಡುತ್ತದೆಯೇ?

ಮುಂದಿನ ಸೊನ್ನೆ ಎಲ್ಲಿದೆ ನೋಡಿದೆವು. ನಾಡಿದ್ದು. ನಮ್ಮ ಕಡೆಯ ದಿನ.

“ಮೊದಲು ಮೋಡ ನೋಡಬೇಕು, ಆಮೇಲೆ ಚಂದ್ರ, ಆಮೇಲೆ ನಂಬರು. ಇಷ್ಟು ಉತ್ತರದಲ್ಲಿ ನಂಬರು ಎರಡಿದ್ದರೂ ಸಾಕು” ಎಂದಳು ಇಂಗರ್. ಆಮೇಲೆ ಮೆಲ್ಲಗೆ ಸೇರಿಸಿದಳು, “ತಿಳಿದವರು ಚಂದ್ರ ಇಲ್ಲದಾಗ ಬರುತ್ತಾರೆ.”

ನನಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಗೌರಕ್ಕನಿಗೆ ಹೇಳದೆ ಇರಲಾಗಲಿಲ್ಲ. “ಅಕ್ಕ, ಅಮಾವಾಸ್ಯೆ ತಂಡದಲ್ಲಿ ಬಂದಿದ್ರೆ ಆಕಾಶ ಕಪ್ಪಗಿರ್ತಿತ್ತಂತೆ. ಹುಣ್ಣಿಮೆ ಅಂತ ಹಟ ಮಾಡಿದ್ದು ನಾನೇ.”

ಗೌರಕ್ಕ ಕಾಫಿ ಲೋಟ ಕುಕ್ಕಿದರು. “ನಿನ್ನ ಅಮಾವಾಸ್ಯೆಗಷ್ಟು ಬೆಂಕಿ ಹಾಕ! ಆ ಬೆಳಕನ್ನ ನೋಡಕ್ಕೇ ಅಲ್ವೇನೇ ಬಂದಿದ್ದು? ಕತ್ಲೆಗೆ ಹೆದರಿ ದೀಪ ನೋಡಕ್ಕೆ ಹೊರಟ್ಯಾ?”

ಮಧ್ಯಾಹ್ನದವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಬೈದದ್ದು ಸರಿಯೇ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ: ಎರಡು ತಂಡಕ್ಕೂ ಒಂದೇ ಗ್ಯಾರಂಟಿ ಮಾರಿದವರು ಈ ಒಂದು ಮಾತನ್ನು ಹೇಳಬಾರದಿತ್ತೇ?

ಮೂರನೆಯ ದಿನ, ಎಲ್ಲೂ ಹೋಗಲಿಲ್ಲ

ಹಿಮ ಬಿತ್ತು. ಬೆಳಿಗ್ಗೆ ಬಿತ್ತು, ಮಧ್ಯಾಹ್ನ ಬಿತ್ತು, ಹತ್ತಿ ಹಿಂಜಿದ ಹಾಗೆ ಬೀಳುತ್ತಲೇ ಇತ್ತು. ಇಲ್ಲಿನ ಜನಕ್ಕೆ ಅದೊಂದು ಲೆಕ್ಕವೇ ಅಲ್ಲ. ಎದುರು ಮನೆಯವರು ಮಗುವನ್ನು ತಳ್ಳುಗಾಡಿಯಲ್ಲಿ ಹೊದಿಸಿ ಹೊರಗೇ ಮಲಗಿಸಿದ್ದರು. ನಮ್ಮಲ್ಲಿ ಹಾಗೆ ಮಾಡಿದರೆ ಬೀದಿಯ ಹೆಂಗಸರೆಲ್ಲ ಸೇರಿ ತಾಯಿಯ ಜನ್ಮ ಜಾಲಾಡುತ್ತಿದ್ದರು. ಗೌರಕ್ಕ ಮೂರು ಸಲ ಕಿಟಕಿಗೆ ಹೋಗಿ ಆ ಮಗು ಉಸಿರಾಡುತ್ತಿದೆಯೇ ನೋಡಿ ಬಂದರು.

ನಾನು ಪ್ರಶಾಂತನನ್ನು ಹಿಡಿದು, ನಾಳೆ ಸಂಜೆ ಬಸ್ಸು ಬೇಕು ಎಂದೆ.

“ನಾಳೆ ನಂಬರು ಎರಡೇ ಮೇಡಂ, ವೇಸ್ಟು. ಐದೂವರೆಗೆ ಊಟಕ್ಕೆ ಹೊರಡ್ತೀವಿ. ಪೂರಿ ಸಾಗು ಇದೆ, ಗ್ಯಾರಂಟಿ.”

“ಪೂರಿ ಸಾಗು ತಿನ್ನಕ್ಕೆ ನಾವು ಇಲ್ಲಿಗೆ ಬರ್ಬೇಕಿತ್ತೇನಪ್ಪಾ?”

“ನೀವಾಗ್ಲೇ ನೋಡಿದೀರಲ್ಲ” ಎಂದು ಹಾಳೆ ತಟ್ಟಿದ. ಆ ಹಾಳೆಯನ್ನು ಹರಿದು ಅವನ ಬಾಯಿಗೆ ತುರುಕುವಷ್ಟು ಸಿಟ್ಟು ಬಂತು. ತುರುಕಲಿಲ್ಲ. ಒಳಗೆ ಬಂದು ನನ್ನ ಕ್ಯಾಲೆಂಡರ್ ಹಾಳೆ ತೆಗೆದು ನಾಳೆಯ ಚೌಕ ನೋಡಿದೆ. ಅಲ್ಲಿ ಒಂದು ಪದ ಅಚ್ಚಾಗಿತ್ತು.

ಸಂಕಷ್ಟಿ.

ಸಂಕಷ್ಟಿಯ ದಿನ ಚಂದ್ರ ತಡವಾಗಿ ಹುಟ್ಟುತ್ತಾನೆ. ಅದಕ್ಕೆ ತಾನೇ ಉಪವಾಸ ಇದ್ದವರು ಮಾಳಿಗೆ ಮೇಲೆ ನಿಂತು, ಎಲ್ಲಿ ಬಂದ, ಎಲ್ಲಿ ಬಂದ ಎಂದು ಕಾಯುವುದು. ಅಂದರೆ ನಾಳೆ ಸೂರ್ಯ ಮುಳುಗಿದ ಮೇಲೆ ಚಂದ್ರ ಹುಟ್ಟುವವರೆಗೆ ಆಕಾಶ ಖಾಲಿ! ಇಂಗರ್ ಬಳಿಗೆ ಓಡಿದೆ. ಅವಳು ಚಂದ್ರನ ಹೊತ್ತು ನೋಡಿ ತಲೆ ಆಡಿಸಿದಳು. ಹೌದು, ಬಹಳ ತಡ. ಇನ್ನು ಉಳಿದದ್ದು ಮೋಡ.

ನಾಲ್ಕನೆಯ ದಿನ, ವಸತಿಮನೆಯ ಹಿತ್ತಲು

ಗೌರಕ್ಕ ಎಲ್ಲಿದ್ದರೂ ಸಂಕಷ್ಟಿ ಬಿಡುವವರಲ್ಲ. ಬೆಳಿಗ್ಗೆಯಿಂದ ಎರಡು ಬಾಳೆಹಣ್ಣು, ಕಾಫಿ ಅಷ್ಟೆ. ಹಾಗಾಗಿ ಪೂರಿ ಸಾಗುವಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಐದು ಗಂಟೆಗೆ ನಮ್ಮ ಯಜಮಾನರು ಫೋನು ಮಾಡಿದರು. ಅಲ್ಲಿ ಆಗ ಒಂಬತ್ತೂವರೆ.

“ಈಗ ತಾನೇ ಚಂದ್ರ ನೋಡ್ದೆ. ಅತ್ತಿಗೆಗೆ ಊಟ ಮಾಡಕ್ಕೆ ಹೇಳು, ಇಲ್ಲಿ ಹುಟ್ಟಿ ಆಯ್ತು.”

ಗೌರಕ್ಕ ಫೋನು ಕಿತ್ತುಕೊಂಡರು. “ನೀನು ನೋಡಿದ್ರೆ ನಾನು ನೋಡ್ದಂಗೇನೋ? ನೀನೂ ಒಂದು ಟಿಕ್ಕು ಹಾಕ್ಕೋ ಹೋಗು!” ಪಾಪ, ಅವರಿಗೇನೂ ಅರ್ಥವಾಗಲಿಲ್ಲ. ಹುಳಿಪುಡಿ ಖಾಲಿಯಾಯಿತೆಂದು ಹೇಳಿ ಇಟ್ಟುಬಿಟ್ಟರು.

ಐದೂವರೆಗೆ ಬಸ್ಸು ಹೋಯಿತು. ಇಂಗರ್ ಹೊರಗೆ ನಿಂತು ಚಿಮಣಿಯ ಹೊಗೆ ನೋಡುತ್ತಿದ್ದಳು. ಹೊಗೆ ಸಮುದ್ರದ ಕಡೆಗೆ ವಾಲಿತ್ತು. ಒಳನಾಡಿನ ಗಾಳಿ ಬೀಸಿದರೆ ಮೋಡವನ್ನು ಹೊರಗೆ ತಳ್ಳುತ್ತದಂತೆ. ನಾವು ನಂದಿ ಬೆಟ್ಟದ ನೆತ್ತಿ ನೋಡಿ ಮಳೆ ಹೇಳುವ ಹಾಗೆ. ನೋಡನೋಡುತ್ತಾ ಬೆಟ್ಟದ ಮೇಲೆ ಒಂದು ನಕ್ಷತ್ರ ಕಂಡಿತು, ಆಮೇಲೆ ನಾಲ್ಕು, ಆಮೇಲೆ ಎಣಿಸುವುದು ಬಿಟ್ಟೆ.

ಆರು ಗಂಟೆ ಹತ್ತು ನಿಮಿಷ. ಊರಿನಲ್ಲಾದರೆ ದೇವರ ಮುಂದೆ ದೀಪ ಹಚ್ಚುವ ಹೊತ್ತು. ಬೆಟ್ಟದ ಹಿಂದಿನಿಂದ ಬೆಳ್ಳಗೆ, ನೀರು ಚಿಮುಕಿಸಿದ ಒಲೆಯಿಂದ ಎದ್ದ ಹೊಗೆಯಂಥದ್ದು ಮೇಲಕ್ಕೆ ಬಂತು. “ಇದು ಮೋಡಾನೇ” ಎಂದರು ಗೌರಕ್ಕ, ಸಿಟ್ಟಿನಿಂದ. ಇಂಗರ್ ಮನೆಯ ದೀಪಗಳನ್ನೆಲ್ಲ ಆರಿಸಿ ಬಂದಳು.

ಆಮೇಲೆ ಅದು ಅಲುಗಿತು. ಚಿಕ್ಕಂದಿನಲ್ಲಿ ನಮ್ಮ ಬೀದಿಯುದ್ದಕ್ಕೂ ಹಾಸು ಹಿಡಿಯುತ್ತಿದ್ದರು. ಈ ತುದಿಯಿಂದ ಆ ತುದಿಗೆ ಬಿಗಿದ ಸಾವಿರಾರು ಎಳೆ, ಯಾರಾದರೂ ಒಂದು ತುದಿ ಹಿಡಿದು ಅಲುಗಿಸಿದರೆ ಅಲೆ ಅಲೆಯಾಗಿ ಮತ್ತೊಂದು ತುದಿವರೆಗೆ ಓಡುತ್ತಿತ್ತು. ಹಾಗೆ ಓಡಿತು. ಒಂದೇ ಒಂದು ಹಾಸು, ಆ ಬೆಟ್ಟದಿಂದ ಈ ಬೆಟ್ಟಕ್ಕೆ, ತಲೆಯ ಮೇಲೆ. ಬಿಳಿ ಹೋಗಿ ಹಸಿರಾಯಿತು. ಕೆಳಗಿನ ಅಂಚಿಗೆ ಒಂದು ಗಳಿಗೆ ದಾಳಿಂಬೆ ಬಣ್ಣ ಹಾಯ್ದು ಹೋಯಿತು. ಯಾವ ಕ್ಯಾಮೆರಾವೂ ಇಲ್ಲ. ಬರೀ ಕಣ್ಣು.

ನಾನು ಬಾಯಿಬಿಟ್ಟುಕೊಂಡು ನಿಂತಿದ್ದರೆ ಗೌರಕ್ಕ ಕೋಟಿನ ಜೇಬಿಗೆ ಕೈ ಹಾಕಿ ನೂಲಿನ ಕಟ್ಟು ತೆಗೆದು ಆಕಾಶಕ್ಕೆ ಹಿಡಿದರು. ಕತ್ತಲಲ್ಲಿ ಅದು ಇದ್ದಿಲಿನ ಹಾಗೆ ಕಪ್ಪಗಿತ್ತು.

“ಟಾರ್ಚ್ ಬಿಡೇ!”

ಟಾರ್ಚ್ ಹಾಕಿದೆ. ನೂಲು ಹಸಿರಾಯಿತು, ಆದರೆ ಕಣ್ಣಿಗೆ ಬೆಳಕು ಹೊಡೆದು ಆಕಾಶ ಕಾಣದಾಯಿತು. “ಆರ್ಸು!” ಆರಿಸಿದೆ. ಕಾಯುತ್ತಾ ನಿಂತರೆ ಆಕಾಶ ಬಂತು, ನೂಲು ಹೋಯಿತು. “ಹಾಕು!” ಹಾಕಿದೆ. “ಆರ್ಸು!” ಎಷ್ಟು ಸಲ ಮಾಡಿದೆವೋ. ಎರಡನ್ನೂ ಒಟ್ಟಿಗೆ ನೋಡಲಾಗಲಿಲ್ಲ. ಒಂದು ಇದ್ದರೆ ಇನ್ನೊಂದಿಲ್ಲ.

ಗೌರಕ್ಕ ಕೈ ಕೆಳಗಿಳಿಸಿದರು. ನೂಲಿನ ಕಟ್ಟನ್ನು ಜೇಬಿಗೆ ತುರುಕಿ ಶುರುಮಾಡಿದರು.

“ಸರೋಜ, ಇದು ಬಣ್ಣ ಅಲ್ಲ ಕಣೇ. ಬೆಳಕು. ಬೆಳಕನ್ನ ಯಾವ ಹಂಡೇಲಿ ಅದ್ದೋದು? ನಿಂತಲ್ಲಿ ನಿಲ್ಲಲ್ಲ, ಈಗ ಇದ್ದಂಗೆ ಇನ್ನೊಂದು ಗಳಿಗೆಗಿಲ್ಲ. ಇದನ್ನ ನೂಲಿಗೆ ಹಾಕು ಅಂದನಲ್ಲ ಆ ಮುಂಡೇದು! ಇಲ್ಲಿಗೆ ಬಂದು ಒಂದಿನ ನಿಂತಿದ್ದಾನಾ ಅವನು? ನಿಂತು ನನ್ನ ಕಣ್ಣು ಸರಿ ಇಲ್ಲ ಅಂದನಾ? ಆರು ತಿಂಗಳು ಕಣೇ, ಆರು ತಿಂಗಳು ನನ್ನ ಕೈ ತಡೀತು ಅವನ ಫೋನಿನ ದೆಸೆಯಿಂದ!”

ಅವರು ಅಳುತ್ತಿದ್ದರು, ಬೈಯುತ್ತಲೂ ಇದ್ದರು. ಇಂಗರಳಿಗೆ ಒಂದಕ್ಷರ ತಿಳಿಯದಿದ್ದರೂ, ಪ್ರತಿ ಬೈಗುಳಕ್ಕೂ ಹೌದು ಹೌದು ಎಂದು ತಲೆಯಾಡಿಸಿದಳು. ಮುಕ್ಕಾಲು ಗಂಟೆ ಇತ್ತು ಆ ಬೆಳಕು. ಆಮೇಲೆ ಮಸುಕಾಗಿ ಹೋಯಿತು.

ಒಂಬತ್ತಕ್ಕೆ ಬಸ್ಸು ಬಂತು. ಎಲ್ಲರ ಮೈಯಿಂದಲೂ ಎಣ್ಣೆಯ ವಾಸನೆ. ನಾವು ಕಂಡದ್ದನ್ನು ಇಂಗರ್ ಹೇಳಿದಳು. ತಂಡದವರ ಮುಖ ಇಳಿಯಿತು.

“ಫೋಟೋ ತೆಗೆದ್ರಾ?” ಎಂದ ಪ್ರಶಾಂತ.

“ಇಲ್ಲ.”

“ಫೋಟೋ ಇಲ್ದೆ ಹೆಂಗ್ ನಂಬೋದು ಮೇಡಂ? ಇವತ್ತು ನಂಬರು ಎರಡೇ ಇತ್ತು.”

ಹೊಸಕೋಟೆಯ ನನ್ನ ತವರಿಗೆ ಕೇಳಿಸುವ ಹಾಗೆ ಕೂಗಿದೆ. ಕಾಣದ ದಿನ ಕಂಡಿರಿ ಅಂದೆ, ಕಂಡ ದಿನ ಕಂಡಿಲ್ಲ ಅಂತೀಯ, ನಿನ್ನ ಮುಖದ ಮೇಲಿರುವ ಎರಡು ಕಣ್ಣು ಯಾಕಪ್ಪಾ ಇವೆ ಎಂದು ಕೇಳಿದೆ. ಇಪ್ಪತ್ನಾಲ್ಕು ಜನರ ಮುಂದೆ. ನನ್ನ ಜನ್ಮದಲ್ಲಿ ಹೊರಗಿನವರ ಎದುರು ಅಷ್ಟು ದನಿ ತೆಗೆದವಳಲ್ಲ. ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದ. ಟಿಕ್ಕು ಅಳಿಸಲಿಲ್ಲ. ಬೇಡ. ಇಂಗರ್ ತನ್ನ ಸೊನ್ನೆಯೊಳಗೆ ನಕ್ಷತ್ರ ಬರೆದಳು. ನಾನು ನನ್ನ ಚೌಕದಲ್ಲಿ, ಸಂಕಷ್ಟಿ ಎಂಬ ಅಚ್ಚಿನ ಕೆಳಗೆ, ‘6.10ಕ್ಕೆ ಬಂತು, 6.55ಕ್ಕೆ ಹೋಯಿತು’ ಎಂದು ಬರೆದೆ.

ಗೌರಕ್ಕ ಕಿಟಕಿಯ ಬಳಿ ಕೂತೇ ಇದ್ದರು. ಕೊನೆಗೆ ಬೆಟ್ಟದ ಪಕ್ಕದಿಂದ ಚಂದ್ರ ಓರೆಯಾಗಿ, ಕೆಂಪಗೆ ಎದ್ದ. ಕೈಮುಗಿದು, ನೀರು ಬಿಟ್ಟು, ಊಟಕ್ಕೆ ಕೂತೆವು. ಊರಿನಿಂದ ತಂದಿದ್ದ ಅವಲಕ್ಕಿಗೆ ಇಂಗರ್ ಕೊಟ್ಟ ಮೊಸರು, ನಿಂಬೆ ಉಪ್ಪಿನಕಾಯಿ, ಜೊತೆಗೆ ಅವಳು ಬೇಯಿಸಿಟ್ಟಿದ್ದ ಆಲೂಗಡ್ಡೆ ಎರಡೆರಡು. ಗೌರಕ್ಕ ಇನ್ನೊಂದು ಆಲೂಗಡ್ಡೆ ಕೇಳಿ ಹಾಕಿಸಿಕೊಂಡರು. ಊರಿಗೆ ಹೋದ ಮೇಲೆ ಹಂಡೆ ಮುಂದೆ ನಿಂತು ಇನ್ಯಾರನ್ನೂ ಕೇಳುವುದಿಲ್ಲವೆಂದರು. ಹಾಸಿಗೆಗೆ ಬಂದು ಸೀರೆ ಅಂಗಡಿಯವನ ವಂಶವನ್ನು ಮೊದಲಿನಿಂದ ಹಿಡಿದು ಬೈಯತೊಡಗಿದರು. ಅವನ ಅಜ್ಜನವರೆಗೆ ಬಂದಿರಬೇಕು, ಮಾತು ಅರ್ಧಕ್ಕೇ ನಿಂತಿತು. ಮೊದಲು ನಿದ್ದೆ ಹೋದವರು ಅವರೇ.